‘ಯಾವುದರಿಂದ?’: ತತ್ತ್ವಶಾಸ್ತ್ರದ ಪದವಿಯಿಂದ ಮುಂದಿನ ಓದಿನವರೆಗೆ

ಕಳೆದ ವಾರ ನನಗೆ ಸ್ನಾತಕೋತ್ತರ ಪ್ರವೇಶದ ಪತ್ರ ಬಂದಿತು. ವಿಷಯ ವೈದ್ಯಕೀಯ ನೀತಿಶಾಸ್ತ್ರ. ಅದಕ್ಕೆ ನನ್ನ ಬಳಿಯಿದ್ದ ಅರ್ಹತೆ ತತ್ತ್ವಶಾಸ್ತ್ರದ ಪದವಿಯೊಂದೇ. ಆ ಪದವಿಗೆ ಸೇರಿದ ದಿನದಿಂದ ಈ ಪತ್ರ ಕೈಸೇರುವವರೆಗೆ ನಾಲ್ಕು ವರ್ಷ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಓದಿಗೆ ಹೋದದ್ದು ಮೂರು ವರ್ಷ. ಮಿಕ್ಕ ಕಾಲವೆಲ್ಲ ಅರ್ಜಿ, ತಿರಸ್ಕಾರ, ನೌಕರಿ, ಮತ್ತೆ ಅರ್ಜಿ ಹಾಗೂ ಕಾಯುವುದರಲ್ಲಿ ಕಳೆಯಿತು. ತತ್ತ್ವಶಾಸ್ತ್ರವನ್ನು ಮುಂದಿನ ಓದಿಗೋ ಉದ್ಯೋಗಕ್ಕೋ ತಳಪಾಯವಾಗಿ ಇಟ್ಟುಕೊಳ್ಳಬೇಕೆಂದಿರುವವರಿಗೆ ನಾನು ಎಡವಿದ ಜಾಗಗಳನ್ನು ತೋರಿಸಿಕೊಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಸೇರುವ ಮುನ್ನ ಅಪ್ಪ ಕೇಳಿದ್ದು ಎಲ್ಲರ ಮನೆಯಲ್ಲೂ ಕೇಳುವ ಪ್ರಶ್ನೆಯೇ: ‘ಇದನ್ನು ಓದಿ ಮುಂದೇನು ಮಾಡ್ತೀಯ?’ ನನ್ನಲ್ಲಿ ಉತ್ತರ ಸಿದ್ಧವಿತ್ತು. ಸ್ನಾತಕೋತ್ತರ ಪ್ರವೇಶಕ್ಕೆ ಅನೇಕ ವಿಶ್ವವಿದ್ಯಾಲಯಗಳು ಪರಿಗಣಿಸುವ ಜಿಆರ್‌ಇ ಪರೀಕ್ಷೆಯಲ್ಲಿ, ಭಾಷೆಯ ಭಾಗದಲ್ಲೂ ವಿಶ್ಲೇಷಣಾತ್ಮಕ ಬರವಣಿಗೆಯ ಭಾಗದಲ್ಲೂ ತತ್ತ್ವಶಾಸ್ತ್ರವನ್ನು ಆರಿಸಿಕೊಂಡವರ ಸರಾಸರಿ ಅಂಕ ಬಹುಕಾಲದಿಂದ ಪಟ್ಟಿಯ ಮೇಲ್ತುದಿಯಲ್ಲಿದೆ. ಆ ಪಟ್ಟಿಯನ್ನು ಮುದ್ರಿಸಿ ಅವರ ಮುಂದಿಟ್ಟೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ, ‘ಇದನ್ನು ಓದಿದ್ದರಿಂದ ಅವರಿಗೆ ಅಂಕ ಬಂತೋ, ಅಂಥ ಅಂಕ ತೆಗೆಯೋ ಮಕ್ಕಳೇ ಇದನ್ನು ಆರಿಸಿಕೊಂಡರೋ?’ ಎಂದರು. ನನಗೆ ಕೋಪ ಬಂದಿತು. ಒಟ್ಟಿಗೆ ಕಾಣಿಸಿಕೊಂಡ ಎರಡು ಸಂಗತಿಗಳಲ್ಲಿ ಒಂದನ್ನು ಕಾರಣವೆಂದೂ ಇನ್ನೊಂದನ್ನು ಕಾರ್ಯವೆಂದೂ ಭಾವಿಸುವ ತಪ್ಪನ್ನು ತರ್ಕದ ತರಗತಿಯಲ್ಲಿ ಹೆಸರಿಟ್ಟು ಕಲಿಸಿದ ದಿನ, ತತ್ತ್ವಶಾಸ್ತ್ರದ ಒಂದು ಪುಟವನ್ನೂ ಓದದ ಅಪ್ಪ ಅದನ್ನು ನನಗಿಂತ ಒಂದು ವರ್ಷ ಮೊದಲೇ ಹಿಡಿದಿದ್ದರೆಂದು ಅರಿವಾಯಿತು. ಆ ಪಟ್ಟಿಯನ್ನು ನಂಬಿ ಸೇರುವವರು ಈ ಒಂದು ಅನುಮಾನವನ್ನು ಜೊತೆಗಿಟ್ಟುಕೊಂಡೇ ಸೇರುವುದು ಒಳ್ಳೆಯದು.

ಮೊದಲ ಸೆಮಿಸ್ಟರಿನಲ್ಲಿ ಬರೆದ ಪ್ರಬಂಧ ಇಂದಿಗೂ ನನ್ನ ಬಳಿಯಿದೆ. 1641ರಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್ ಎತ್ತಿದ ಪ್ರಶ್ನೆಯ ಮೇಲೆ ಬರೆದದ್ದದು: ಈಗ ನಾನು ಎಚ್ಚರವಾಗಿದ್ದೇನೆ, ಕನಸು ಕಾಣುತ್ತಿಲ್ಲ ಎಂದು ಖಚಿತವಾಗಿ ತಿಳಿಯುವುದು ಹೇಗೆ? ನಾಲ್ಕು ಪುಟಗಳನ್ನು ಒಂದೇ ರಾತ್ರಿ ಬರೆದಿದ್ದೆ, ಚೆನ್ನಾಗಿಯೇ ಬರೆದಿದ್ದೇನೆಂಬ ಹೆಮ್ಮೆಯೂ ಇತ್ತು. ಹದಿನೈದು ದಿನಗಳ ನಂತರ ಅದು ಹಿಂದಿರುಗಿದಾಗ, ನಾನು ಬಳಸಿದ್ದ ಏಳು ‘ಆದ್ದರಿಂದ’ಗಳ ಸುತ್ತಲೂ ಪೆನ್ಸಿಲಿನ ವೃತ್ತಗಳಿದ್ದವು. ಪ್ರತಿ ವೃತ್ತದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಪದ: ‘ಯಾವುದರಿಂದ?’ ಏಳರಲ್ಲಿ ಐದು ಕಡೆ ಹಿಂದಿನ ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಕಿವಿಗೆ ಹಿತವಾಗಿ ಕೇಳಿಸುತ್ತದೆಂದು ಪೋಣಿಸಿದ್ದೆ, ಅಷ್ಟೆ. ಅಂಕವೂ ಅದಕ್ಕೆ ತಕ್ಕಂತೆ ಇತ್ತು. ಮೂರು ವರ್ಷ ನಾನು ಕಲಿತದ್ದನ್ನೆಲ್ಲ ಒಂದೇ ಕಡೆ ತೋರಿಸು ಎಂದರೆ ಈಗಲೂ ಆ ಪೆನ್ಸಿಲ್ ವೃತ್ತಗಳನ್ನೇ ತೋರಿಸುತ್ತೇನೆ. ಈ ವಿಷಯಕ್ಕೆ ಸೇರುವವರು ತಿದ್ದಿಬಂದ ಪ್ರಬಂಧಗಳನ್ನು, ತಿದ್ದುವಿಕೆಯ ಸಮೇತ, ದಿನಾಂಕ ಹಾಕಿ ಜೋಪಾನ ಮಾಡಬೇಕು. ಇದನ್ನು ನೆನಪಿನ ಬುತ್ತಿಗೆಂದು ಹೇಳುತ್ತಿಲ್ಲ. ಶಿಫಾರಸು ಪತ್ರ ಬರೆಯುವ ಅಧ್ಯಾಪಕರು ಮೂರು ವರ್ಷಗಳ ನಂತರ ‘ನೀವು ಬರೆದದ್ದು ಏನಾದರೂ ಇದ್ದರೆ ಕಳಿಸಿ’ ಎಂದೇ ಕೇಳುತ್ತಾರೆ.

ಎರಡನೇ ಸೆಮಿಸ್ಟರಿನ ತರ್ಕಶಾಸ್ತ್ರವೇ ಹಲವರನ್ನು ಹೆದರಿಸಿ ಓಡಿಸುವ ಪತ್ರಿಕೆ. ಜೀವನದ ಅರ್ಥವನ್ನು ಚರ್ಚಿಸಲು ಬಂದವರಿಗೆ ಇಲ್ಲಿ ಸಂಕೇತಗಳು, ಸತ್ಯಕೋಷ್ಟಕಗಳು ಮತ್ತು ಹಂತಹಂತದ ನಿಗಮನಗಳು ಎದುರಾಗುತ್ತವೆ. ವಾಕ್ಯಗಳು ಸತ್ಯವಾಗುವ, ಅಸತ್ಯವಾಗುವ ಎಲ್ಲ ಸಾಧ್ಯತೆಗಳನ್ನು ಸಾಲುಸಾಲಾಗಿ ಬರೆಯುವ ಸತ್ಯಕೋಷ್ಟಕದಲ್ಲಿ ಒಂದು ಹೊಸ ವಾಕ್ಯ ಸೇರಿದಂತೆಲ್ಲ ಸಾಲುಗಳು ದುಪ್ಪಟ್ಟಾಗುತ್ತವೆ: ಮೂರು ವಾಕ್ಯಗಳಿಗೆ 8, ನಾಲ್ಕಕ್ಕೆ 16, ಐದಕ್ಕೆ 32. ಮಧ್ಯಾವಧಿ ಪರೀಕ್ಷೆಯಲ್ಲಿ ನಾನು 32 ಸಾಲುಗಳ ಕೋಷ್ಟಕವನ್ನು ಹಾಕಿ ಹತ್ತೊಂಬತ್ತನೇ ಸಾಲಿನಲ್ಲಿ ‘ಸತ್ಯ’ ಎಂಬಲ್ಲಿ ‘ಅಸತ್ಯ’ ಎಂದು ಬರೆದೆ; ಅಲ್ಲಿಂದ ಉತ್ತರ ತಲೆಕೆಳಗಾಯಿತು. ನೂರಕ್ಕೆ 34 ಬಂದಿತು. ಪತ್ರಿಕೆಯನ್ನು ಕೈಬಿಡಲು ಇನ್ನೂ ಒಂದು ವಾರದ ಅವಕಾಶವಿತ್ತು. ಅರ್ಜಿ ನಮೂನೆಯನ್ನು ತುಂಬಿ ಚೀಲದಲ್ಲಿಟ್ಟುಕೊಂಡು ಆ ವಾರವೆಲ್ಲ ಓಡಾಡಿದೆ. ಕೊನೆಗೆ ಕೊಡಲಿಲ್ಲ. ಅದಕ್ಕೆ ಧೈರ್ಯವೇನೂ ಕಾರಣವಲ್ಲ. ಅದರ ಬದಲು ತೆಗೆದುಕೊಳ್ಳಬಹುದಾಗಿದ್ದ ಪತ್ರಿಕೆಗಳೆಲ್ಲ ಭರ್ತಿಯಾಗಿದ್ದವು.

ಹೊಸ ಸಂಕೇತಗಳು ತಲೆಗೆ ಹತ್ತಲು ನನಗೆ ಸಹಾಯ ಮಾಡಿದ್ದು ಭಾರತದ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನ. ಅದರ ಪಂಚಾವಯವ ವಾಕ್ಯದಲ್ಲಿ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಹೆಜ್ಜೆಗಳಿವೆ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲೂ ಅಂಥ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಅರಿಸ್ಟಾಟಲನ ಮೂರು ವಾಕ್ಯಗಳ ತರ್ಕಸರಣಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ, ಇಲ್ಲಿನ ಕೊನೆಯ ‘ಆದ್ದರಿಂದ’ ಯಾವುದರಿಂದ ಹುಟ್ಟಿತೆಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. ಹೇತುವಿನಂತೆ ಕಾಣಿಸಿಯೂ ಹೇತುವಲ್ಲದ್ದನ್ನು ನೈಯಾಯಿಕರು ಹೇತ್ವಾಭಾಸವೆಂದು ಕರೆದು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಮುಂದೆ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪದವೂ ಅದೇ. ತರ್ಕಶಾಸ್ತ್ರದ ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ 71 ಬಂದಿತು. ಗಣಿತಕ್ಕೆ ಹೆದರಿ ತರ್ಕವನ್ನು ಬಿಟ್ಟುಬಿಡುವ ಯೋಚನೆಯಿದ್ದವರಿಗೆ ಒಂದು ಮಾತು: ಗಣಿತಜ್ಞರಾದ ಬೂಲ್ 1854ರಲ್ಲೂ ಫ್ರೇಗೆ 1879ರಲ್ಲೂ ಕಟ್ಟಿದ ಈ ತರ್ಕದ ದಾರಿಯಲ್ಲೇ ಮುಂದೆ ಗಣಕವಿಜ್ಞಾನವೂ ಬೆಳೆದದ್ದು, ಆದುದರಿಂದ ಅಂಕಪಟ್ಟಿಯಲ್ಲಿ ಈ ಒಂದು ಪತ್ರಿಕೆ ಇದ್ದರೆ ಇತರ ವಿಭಾಗದವರು ನಿಮ್ಮ ಅರ್ಜಿಯನ್ನು ಓದುವ ರೀತಿ ಬೇರೆಯಾಗುತ್ತದೆ.

ಓದಿನ ವೇಗದ ಬಗ್ಗೆಯೂ ಮೊದಲೇ ಹೇಳಿಬಿಡುತ್ತೇನೆ. 1963ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಎಡ್ಮಂಡ್ ಗೆಟ್ಟಿಯರ್ ಪ್ರಕಟಿಸಿದ ಲೇಖನ ಮೂರೇ ಪುಟದ್ದು. ಸಮರ್ಥನೆಯುಳ್ಳ ಸತ್ಯವಾದ ನಂಬಿಕೆಯೇ ಜ್ಞಾನ ಎಂಬ ಬಹುಕಾಲದ ವಿವರಣೆಯನ್ನು ಅದು ಅಲುಗಾಡಿಸಿತು. ಬಸ್ಸಿನಲ್ಲಿ ಓದಿ ಮುಗಿಸಬಹುದೆಂದುಕೊಂಡಿದ್ದೆ. ಒಂದು ವಾರ ಹಿಡಿಯಿತು. ಬ್ರಿಟಿಷ್ ತತ್ತ್ವಜ್ಞಾನಿ ರಸೆಲ್ ಕೊಟ್ಟ ಗಡಿಯಾರದ ಉದಾಹರಣೆ ಸಿಕ್ಕ ಮೇಲೆ ದಾರಿ ಕಂಡಿತು: ನಿಂತುಹೋದ ಗಡಿಯಾರವನ್ನು, ಅದು ತೋರಿಸುವ ಹೊತ್ತಿನಲ್ಲೇ ಆಕಸ್ಮಿಕವಾಗಿ ನೋಡಿದವನು ಸಮಯವನ್ನು ಸರಿಯಾಗಿಯೇ ನಂಬುತ್ತಾನೆ, ನಂಬಲು ಅವನಿಗೆ ಕಾರಣವೂ ಇದೆ, ಹಾಗಿದ್ದೂ ಅವನಿಗೆ ಸಮಯ ತಿಳಿದಿದೆ ಎನ್ನಬಹುದೇ? ಇಂಥ ಮೂರು ಪುಟಕ್ಕೆ ಒಂದು ವಾರ ಕೊಡುವುದು ಸೋಮಾರಿತನವೆಂದು ಗೆಳೆಯರು ನಗುತ್ತಾರೆ, ನಗಲಿ. ಖರ್ಚಿನ ವಿಚಾರದಲ್ಲಿ ಮಾತ್ರ ಈ ವಿಷಯದ್ದು ದೊಡ್ಡ ಉಪಕಾರ. ಪ್ರಯೋಗಾಲಯದ ಶುಲ್ಕವಿಲ್ಲ, ಹಕ್ಕುಸ್ವಾಮ್ಯ ಮುಗಿದ ಮೂಲಗ್ರಂಥಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ, ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶವೂ 1995ರಿಂದ ಉಚಿತವಾಗಿಯೇ ಇದೆ. ಉಚಿತವಾಗಿ ಸಿಗುವ ಅನುವಾದಗಳು ಬಹಳ ಹಳೆಯವು ಎಂಬುದಷ್ಟೇ ತೊಡಕು. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಗ್ರಂಥಾಲಯದ ಹೊಸ ಅನುವಾದದೊಂದಿಗೆ ತಾಳೆ ನೋಡಿಕೊಳ್ಳಬೇಕು.

ಮೂರನೇ ವರ್ಷದ ಸಂಶೋಧನಾ ಪ್ರಬಂಧದಲ್ಲಿ ನನ್ನ ಪ್ರಶ್ನೆ ಹೀಗಿತ್ತು: ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಸಹಿ ಹಾಕುವ ಕಾಗದ ನಿಜಕ್ಕೂ ಸಮ್ಮತಿಯೇ? ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದ ಸ್ವಾಯತ್ತತೆಯ ವಿಚಾರದಿಂದ ಹೊರಟು, ವೈದ್ಯಕೀಯ ಪ್ರಯೋಗಗಳಿಗೆ ಒಳಗಾಗುವವರ ಸ್ವಯಂ ಸಮ್ಮತಿ ಅತ್ಯಗತ್ಯವೆಂದ 1947ರ ನ್ಯೂರೆಂಬರ್ಗ್ ಸಂಹಿತೆ ಮತ್ತು ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ಮುಂದಿಟ್ಟ 1979ರ ಬೆಲ್ಮಾಂಟ್ ವರದಿಯವರೆಗೆ ಬಂದೆ. ಮಾರ್ಗದರ್ಶಕರು ಹಾಕಿದ ಷರತ್ತು ಒಂದೇ: ಮೊದಲು ಪೂರ್ವಪಕ್ಷ, ಎಂದರೆ ಎದುರಾಳಿಯ ವಾದ, ಅದೂ ಅವನೇ ಓದಿದರೆ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಂತಿರಬೇಕು, ಆಮೇಲೆ ಸಿದ್ಧಾಂತ, ಎಂದರೆ ನನ್ನ ನಿಲುವು. ‘ಗಾಬರಿಯಲ್ಲಿರುವ ರೋಗಿಗೆ ಎಲ್ಲವನ್ನೂ ಹೇಳುವುದೇ ಕ್ರೌರ್ಯ’ ಎನ್ನುವ ವೈದ್ಯರ ವಾದವನ್ನು ನಾನು ಮೊದಲು ಎರಡು ಸಾಲಿನಲ್ಲಿ ಮುಗಿಸಿದ್ದೆ. ಅದನ್ನು ನ್ಯಾಯವಾಗಿ ಬರೆಯಲು ಹೋಗಿ ಒಂಬತ್ತು ಪುಟಗಳಾದವು, ನನ್ನ ಸಿದ್ಧಾಂತವೇ ಅರ್ಧ ಬದಲಾಯಿತು.

ಸಲ್ಲಿಸುವ ಹತ್ತು ದಿನ ಮೊದಲು ಬಂದ ಅಡ್ಡಿಯನ್ನು ಮಾತ್ರ ನಾನು ಊಹಿಸಿರಲಿಲ್ಲ. ಅಡಿಟಿಪ್ಪಣಿಗಳಲ್ಲಿ ನನ್ನ ಕೈಯಲ್ಲಿದ್ದ ಮುದ್ರಣದ ಪುಟಸಂಖ್ಯೆಗಳನ್ನು ಕೊಟ್ಟಿದ್ದೆ. ಅದು ನಡೆಯುವುದಿಲ್ಲವಂತೆ. ಪ್ಲೇಟೋನ ಮಾತನ್ನು 1578ರ ಸ್ಟೆಫಾನಸ್ ಆವೃತ್ತಿಯ ಸಂಖ್ಯೆಯಿಂದ, ಅರಿಸ್ಟಾಟಲನದನ್ನು 1831ರಲ್ಲಿ ಹೊರಬರಲಾರಂಭಿಸಿದ ಬೆಕ್ಕರ್ ಆವೃತ್ತಿಯ ಸಂಖ್ಯೆಯಿಂದ, ಕಾಂಟನ ಶುದ್ಧ ವಿಚಾರದ ವಿಮರ್ಶೆಯನ್ನು 1781ರ ಮೊದಲ ಆವೃತ್ತಿಗೆ ‘ಎ’, 1787ರ ಎರಡನೆಯದಕ್ಕೆ ‘ಬಿ’ ಎಂಬ ಗುರುತಿನಿಂದ ಸೂಚಿಸುವುದು ಇಲ್ಲಿಯ ರೂಢಿ. ಯಾರು ಯಾವ ಅನುವಾದ ಓದಿದರೂ ಅದೇ ಜಾಗ ಸಿಗಲಿ ಎಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಈ ಸಂಖ್ಯೆಗಳು ಒಳ್ಳೆಯ ಅನುವಾದಗಳ ಅಂಚಿನಲ್ಲೇ ಅಚ್ಚಾಗಿರುತ್ತವೆ, ನಾನು ಮೂರು ವರ್ಷ ಅವನ್ನು ಅಲಂಕಾರವೆಂದುಕೊಂಡು ಕಡೆಗಣಿಸಿದ್ದೆ. ನೂರ ಹನ್ನೆರಡು ಅಡಿಟಿಪ್ಪಣಿಗಳನ್ನು ಮೂರು ರಾತ್ರಿ ಕೂತು ಬದಲಿಸಿದೆ. ಮೊದಲ ದಿನದಿಂದಲೇ ಟಿಪ್ಪಣಿ ಪುಸ್ತಕದಲ್ಲಿ ಅಂಚಿನ ಸಂಖ್ಯೆಯನ್ನು ಬರೆದುಕೊಳ್ಳುವವರಿಗೆ ಈ ಶಿಕ್ಷೆಯಿಲ್ಲ.

ಮೊದಲ ಸುತ್ತಿನ ಅರ್ಜಿಗಳನ್ನು ಆ ಗಡಿಬಿಡಿಯಲ್ಲೇ ಹಾಕಿದೆ. ನಾಲ್ಕು ಕಡೆ ಹಾಕಿದೆ, ನಾಲ್ಕೂ ಕಡೆಯಿಂದ ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಪತ್ರ ಬಂದಿತು. ಈಗ ಆ ಕಡತವನ್ನು ತೆರೆದರೆ ಕಾರಣ ಎದ್ದುಕಾಣುತ್ತದೆ. ಬರಹದ ಮಾದರಿ ಇಪ್ಪತ್ತು ಪುಟ ಮೀರಬಾರದೆಂದಿದ್ದಲ್ಲಿ ಸಂಶೋಧನಾ ಪ್ರಬಂಧದ ಮೊದಲ ಇಪ್ಪತ್ತು ಪುಟಗಳನ್ನು ಕತ್ತರಿಸಿ ಕಳಿಸಿದ್ದೆ. ಅದರಲ್ಲಿ ಪೂರ್ವಪಕ್ಷ ಮಾತ್ರ ಇತ್ತು, ನನ್ನ ವಾದ ಶುರುವಾಗುತ್ತಿದ್ದದ್ದು ಇಪ್ಪತ್ತೆರಡನೇ ಪುಟದಲ್ಲಿ. ಉದ್ದೇಶಪತ್ರವಂತೂ ‘ಬಾಲ್ಯದಿಂದಲೂ ನನಗೆ ಬದುಕಿನ ದೊಡ್ಡ ಪ್ರಶ್ನೆಗಳಲ್ಲಿ ಆಸಕ್ತಿ, ಆದ್ದರಿಂದ ನಿಮ್ಮ ಕೋರ್ಸಿಗೆ ಸೇರಬಯಸುತ್ತೇನೆ’ ಎಂದು ಆರಂಭವಾಗಿತ್ತು. ಪೆನ್ಸಿಲ್ ಹಿಡಿದು ನಾನೇ ವೃತ್ತ ಹಾಕಿದೆ.

ಆ ಬೇಸಿಗೆ ಕಷ್ಟದ್ದಾಗಿತ್ತು. ಜೊತೆಗೆ ಓದಿದವರಲ್ಲಿ ಒಬ್ಬಳು ಕಾನೂನಿಗೆ ಸೇರಿದ್ದಳು, ಇನ್ನೊಬ್ಬ ಪತ್ರಿಕೆಯೊಂದರ ಸಂಪಾದಕೀಯ ವಿಭಾಗದಲ್ಲಿದ್ದ, ನಾನು ಮನೆಯಲ್ಲಿದ್ದೆ. ಅಪ್ಪ ಏನೂ ಕೇಳುತ್ತಿರಲಿಲ್ಲ, ಕೇಳಿದ್ದರೇ ವಾಸಿಯಿತ್ತು. ನೌಕರಿಯ ಸಂದರ್ಶನಗಳಲ್ಲಿ ‘ತತ್ತ್ವಶಾಸ್ತ್ರ ಓದಿ ಇಲ್ಲಿಗೇಕೆ ಬಂದಿರಿ?’ ಎಂದು ಕೇಳಿದಾಗಲೆಲ್ಲ ‘ವಿಮರ್ಶಾತ್ಮಕ ಚಿಂತನೆ ಕಲಿತಿದ್ದೇನೆ’ ಎನ್ನುತ್ತಿದ್ದೆ. ಆ ಮಾತನ್ನು ಎಲ್ಲ ವಿಷಯದವರೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ಐದನೇ ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ಆ ಸಂಸ್ಥೆ ಗ್ರಾಹಕರಿಗಾಗಿ ಪ್ರಕಟಿಸಿದ್ದ ದೂರು ನಿಯಮಗಳನ್ನು ಓದಿದೆ. ನಾಲ್ಕನೇ ನಿಯಮದ ಪ್ರಕಾರ ಮೂವತ್ತು ದಿನಗಳೊಳಗೆ ದೂರು ಕೊಡಬೇಕು. ಒಂಬತ್ತನೇ ನಿಯಮದ ಪ್ರಕಾರ ದೂರು ಕೊಡುವ ಮುನ್ನ ಶಾಖೆಯ ಉತ್ತರಕ್ಕಾಗಿ ನಲವತ್ತೈದು ದಿನ ಕಾಯಬೇಕು. ಎರಡನ್ನೂ ಪಾಲಿಸಿದವರು ಎಂದಿಗೂ ದೂರು ಕೊಡಲಾರರು. ಮರುದಿನ ಅದೇ ಪ್ರಶ್ನೆ ಬಂದಾಗ ಆ ಎರಡು ಪುಟಗಳನ್ನು ಮೇಜಿನ ಮೇಲಿಟ್ಟು ತೋರಿಸಿದೆ. ನೌಕರಿ ಸಿಕ್ಕಿತು, ನಿಯಮಾವಳಿಗಳ ಕರಡು ಬರೆಯುವ ಕೆಲಸ. ಓದಿದ್ದನ್ನು ಹೆಸರಿಸುವುದಕ್ಕಿಂತ ಮಾಡಿ ತೋರಿಸುವುದು ಲೇಸೆಂದು ಕಲಿಯಲು ನನಗೆ ನಾಲ್ಕು ಸಂದರ್ಶನಗಳು ಬೇಕಾದವು.

ಎರಡನೇ ಸುತ್ತಿನ ಅರ್ಜಿಗೆ ನೌಕರಿಯಲ್ಲಿದ್ದುಕೊಂಡೇ ಐದು ತಿಂಗಳು ಮೊದಲು ಸಿದ್ಧತೆ ಶುರುಮಾಡಿದೆ. ಕೇಳಿದ ದಾಖಲೆಗಳು ಇವು: ಅಂಕಪಟ್ಟಿಗಳು, ಕಾಲೇಜಿನವರು ಲಕೋಟೆಯಲ್ಲಿಟ್ಟು ಮೊಹರು ಮಾಡಿದ ಟ್ರಾನ್ಸ್‌ಕ್ರಿಪ್ಟ್ (ಓದಿದ ಪತ್ರಿಕೆಗಳ ಹಾಗೂ ಅಂಕಗಳ ಅಧಿಕೃತ ದಾಖಲೆ), ಪದವಿ ಪ್ರಮಾಣಪತ್ರ ಅಥವಾ ತಾತ್ಕಾಲಿಕ ಪ್ರಮಾಣಪತ್ರ, ಉದ್ದೇಶಪತ್ರ, ಬರಹದ ಮಾದರಿ, ಮೂರು ಶಿಫಾರಸು ಪತ್ರಗಳು, ಕೆಲವೆಡೆ ಜಿಆರ್‌ಇ ಅಂಕ. ಟ್ರಾನ್ಸ್‌ಕ್ರಿಪ್ಟಿಗೆ ಪ್ರತಿಗೆ ಇಷ್ಟೆಂದು ಶುಲ್ಕವಿರುತ್ತದೆ. ಮೊದಲ ಬಾರಿ ನಾಲ್ಕೇ ಪ್ರತಿ ತೆಗೆಸಿ ಮತ್ತೆ ಅಲೆದಿದ್ದೆ. ಈ ಬಾರಿ ಎಂಟು ತೆಗೆಸಿದೆ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಅರ್ಜಿ ಶುಲ್ಕ ಮತ್ತು ಪರೀಕ್ಷಾ ಶುಲ್ಕದ್ದೇ ಆಗಿತ್ತು, ಅದು ನನ್ನ ಒಂದು ತಿಂಗಳ ಸಂಬಳವನ್ನು ಮೀರಿತು. ಶುಲ್ಕ ವಿನಾಯಿತಿಗೆ ಪ್ರತ್ಯೇಕವಾಗಿ ಬರೆದು ಕೇಳಬಹುದೆಂದು ತಿಳಿದದ್ದು ಮೂರನೇ ಅರ್ಜಿಯ ಹೊತ್ತಿಗೆ; ಕೇಳಿದ ಎರಡು ಕಡೆಗಳಲ್ಲಿ ಒಂದು ಕಡೆ ಕೊಟ್ಟರು.

ಜಿಆರ್‌ಇಗೆ ಹಿರಿಯ ವಿದ್ಯಾರ್ಥಿಯೊಬ್ಬರ ಹಳೆಯ ಪುಸ್ತಕದಿಂದ ಓದಿದ್ದು ಇನ್ನೊಂದು ಎಡವಟ್ಟು. ಕೊಟ್ಟ ವಾದವೊಂದರ ಲೋಪಗಳನ್ನು ಹುಡುಕಿ ಬರೆಯುವ ಪ್ರಬಂಧ ನನಗೆ ಹೇಳಿ ಮಾಡಿಸಿದಂತಿತ್ತು. ಮೂರು ವಾರ ಅದನ್ನೇ ಅಭ್ಯಾಸ ಮಾಡಿದೆ. 2023ರ ಸೆಪ್ಟೆಂಬರಿನಿಂದ ಆ ಪ್ರಬಂಧವನ್ನೇ ಪರೀಕ್ಷೆಯಿಂದ ಕೈಬಿಟ್ಟಿದ್ದಾರೆ. ಈಗ ಉಳಿದಿರುವುದು ಒಂದು ಹೇಳಿಕೆಯ ಬಗ್ಗೆ ನಮ್ಮ ನಿಲುವನ್ನು ಸಮರ್ಥಿಸುವ ಪ್ರಬಂಧ ಮಾತ್ರ, ಒಟ್ಟು ಪರೀಕ್ಷೆಯೂ ಎರಡು ಗಂಟೆಯೊಳಗೆ ಮುಗಿಯುತ್ತದೆ. ಪುಸ್ತಕ ಯಾವ ವರ್ಷದ್ದೆಂದು ಮೊದಲ ಪುಟದಲ್ಲೇ ನೋಡಿಕೊಳ್ಳಿ.

ಅತಿ ಹೆಚ್ಚು ನಿದ್ದೆಗೆಡಿಸಿದ್ದು ಶಿಫಾರಸು ಪತ್ರ. ಆ ಪೆನ್ಸಿಲ್ ವೃತ್ತಗಳ ಅಧ್ಯಾಪಕರು ಒಪ್ಪಿಕೊಂಡಿದ್ದರು. ಅರ್ಜಿಯ ಜಾಲತಾಣ ಮಾತ್ರ ಕಾಲೇಜಿನ ಅಧಿಕೃತ ಇಮೇಲ್ ವಿಳಾಸವನ್ನೇ ಕೇಳಿತು, ಅದನ್ನೇ ಕೊಟ್ಟೆ. ಅವರು ನಿವೃತ್ತರಾಗಿ ಮೂರು ತಿಂಗಳಾಗಿತ್ತು, ಆ ವಿಳಾಸ ಮುಚ್ಚಿಹೋಗಿತ್ತು. ನನ್ನ ಪರದೆಯ ಮೇಲೆ ‘ವಿನಂತಿ ಕಳುಹಿಸಲಾಗಿದೆ’ ಎಂದಿದ್ದರಿಂದ ನಿಶ್ಚಿಂತೆಯಿಂದಿದ್ದೆ. ಗಡುವಿಗೆ ಆರು ದಿನವಿದ್ದಾಗ ಫೋನ್ ಮಾಡಿದರೆ, ‘ನೀವು ಮನಸ್ಸು ಬದಲಿಸಿದಿರೇನೋ ಅಂದುಕೊಂಡೆ, ನನಗೇನೂ ಬಂದಿಲ್ಲವಲ್ಲ’ ಎಂದರು. ಪ್ರವೇಶ ಕಚೇರಿಗೆ ಬರೆದು, ನಿವೃತ್ತಿಯ ವಿಷಯ ತಿಳಿಸಿ, ಖಾಸಗಿ ವಿಳಾಸಕ್ಕೆ ಅನುಮತಿ ಪಡೆಯುವಷ್ಟರಲ್ಲಿ ನಾಲ್ಕು ದಿನ ಕಳೆದವು. ಪತ್ರ ಸೇರಿದ್ದು ಗಡುವಿನ ಹಿಂದಿನ ರಾತ್ರಿ. ಆರು ವಾರ ಮೊದಲೇ ಕೇಳಿ, ವಿನಂತಿ ಕಳಿಸಿದ ಮರುದಿನವೇ ‘ಬಂತೇ ಸರ್?’ ಎಂದು ವಿಚಾರಿಸಲು ಸಂಕೋಚ ಬೇಡ.

ಇನ್ನೊಂದು ಕಡೆ ಪರಿಮಾಣಾತ್ಮಕ ವಿಷಯವೊಂದನ್ನು ಓದಿರಬೇಕೆಂಬ ನಿಯಮವಿತ್ತು. ತರ್ಕಶಾಸ್ತ್ರವನ್ನು ತೋರಿಸಿದೆ, ‘ಇದು ಮಾನವಿಕ ವಿಷಯ’ ಎಂದು ಹಿಂದಿರುಗಿಸಿದರು. ಸಂಕೇತ ತರ್ಕದ ಪಾಠಪಟ್ಟಿಯನ್ನು ವಿಭಾಗದ ಮೊಹರಿನೊಂದಿಗೆ ಕಳಿಸಿದರೆ ಪರಿಶೀಲಿಸುತ್ತೇವೆಂದರು. ಪಾಠಪಟ್ಟಿ ನಡುವೆ ಬದಲಾಗಿದ್ದರಿಂದ ನನ್ನ ವರ್ಷದ್ದು ಕಚೇರಿಯಲ್ಲಿ ಸಿಗಲಿಲ್ಲ. ಹನ್ನೊಂದು ದಿನಗಳ ನಂತರ ಸಹಪಾಠಿಯ ಹಳೆಯ ಕಡತದಲ್ಲಿ ಸಿಕ್ಕಿತು, ಅದಕ್ಕೇ ಮೊಹರು ಹಾಕಿಸಿದೆ. ಓದಿದ ಪ್ರತಿ ಪತ್ರಿಕೆಯ ಪಾಠಪಟ್ಟಿಯನ್ನು ಆಯಾ ಸೆಮಿಸ್ಟರಿನಲ್ಲೇ ಇಳಿಸಿಟ್ಟುಕೊಳ್ಳಿ. ಸಂಖ್ಯಾಶಾಸ್ತ್ರದ ಒಂದು ಐಚ್ಛಿಕ ಪತ್ರಿಕೆಯನ್ನು ತೆಗೆದುಕೊಂಡಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ. ಎರಡನೇ ವರ್ಷದಲ್ಲಿ ಅದು ನನ್ನ ಕಣ್ಣೆದುರೇ ಇತ್ತು, ಸುಲಭವೆಂದು ಬೇರೊಂದನ್ನು ಆರಿಸಿಕೊಂಡಿದ್ದೆ.

ಉದ್ದೇಶಪತ್ರವನ್ನು ಈ ಬಾರಿ ದೂರು ನಿಯಮಗಳ ಕಥೆಯಿಂದ ಆರಂಭಿಸಿದೆ; ಓದದೆ ಹಾಕಿದ ಸಹಿಗೂ ಪಾಲಿಸಲಾಗದ ನಿಯಮಕ್ಕೂ ಇರುವ ನಂಟಿನಿಂದ ಸಮ್ಮತಿಯ ಪ್ರಶ್ನೆಗೆ ಬಂದೆ. ಬರಹದ ಮಾದರಿಯನ್ನು ಕತ್ತರಿಸದೆ, ಹದಿನೆಂಟು ಪುಟಗಳಲ್ಲಿ ಪೂರ್ವಪಕ್ಷವೂ ಸಿದ್ಧಾಂತವೂ ಅಡಗುವಂತೆ ಹೊಸದಾಗಿಯೇ ಬರೆದೆ. ಆಮೇಲೆ ಹದಿಮೂರು ವಾರಗಳ ಮೌನ. ಮೊದಲ ತಿಂಗಳು ದಿನಕ್ಕೆರಡು ಬಾರಿ ಜಾಲತಾಣ ತೆರೆದು ನೋಡುತ್ತಿದ್ದೆ, ‘ಪರಿಶೀಲನೆಯಲ್ಲಿದೆ’ ಎಂಬ ಅಕ್ಷರಗಳು ಕಣ್ಣಲ್ಲೇ ಅಚ್ಚಾಗಿದ್ದವು. ಐದರಲ್ಲಿ ಎರಡು ಕಡೆ ನಿರಾಕರಣೆ, ಒಂದು ಕಡೆ ಕಾಯುವ ಪಟ್ಟಿ, ಎರಡು ಕಡೆ ಪ್ರವೇಶ. ಪಾಠಪಟ್ಟಿ ಕೇಳಿದವರೇ ಮೊದಲು ಕೊಟ್ಟದ್ದು, ಅಲ್ಲಿಗೇ ಹೋಗುತ್ತಿದ್ದೇನೆ.

ಪತ್ರವನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡನೇ ಪುಟದವರೆಗೂ ಓದಿ, ‘ಇಲ್ಲೇನೋ ಷರತ್ತು ಅಂತಿದೆ ನೋಡು’ ಎಂದರು. ನಿಜ. ತಾತ್ಕಾಲಿಕ ಪ್ರಮಾಣಪತ್ರದ ಮೇಲೆ ಕೊಟ್ಟ ಪ್ರವೇಶವಿದು. ಮೊದಲ ಅವಧಿ ಮುಗಿಯುವುದರೊಳಗೆ ಮೂಲ ಪದವಿ ಪ್ರಮಾಣಪತ್ರವನ್ನು ಒಪ್ಪಿಸಬೇಕು, ಪ್ರಾಥಮಿಕ ಸಂಖ್ಯಾಶಾಸ್ತ್ರದ ಆರು ವಾರಗಳ ಪಾಠವನ್ನೂ ಮುಗಿಸಬೇಕು. ಪ್ರಮಾಣಪತ್ರಕ್ಕೆ ನಿನ್ನೆ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ತೆಗೆದುಕೊಂಡು ಬಂದಿದ್ದೇನೆ. ಸಂಖ್ಯಾಶಾಸ್ತ್ರದ ಪುಸ್ತಕವೂ ಬಂದಿದೆ. ಸಹಸಂಬಂಧ ಮತ್ತು ಕಾರಣದ ವ್ಯತ್ಯಾಸವನ್ನು ಹೇಳುವ ಅಧ್ಯಾಯವನ್ನು ಅಪ್ಪ ನನಗಿಂತ ಮೊದಲೇ ತೆರೆದು ಕೂತಿದ್ದಾರೆ.